ನಾನು ತೋಡಿಸಿದ ಆಯಿಲ್ ಗುಂಡಿ

ನನ್ನ ಹೆಸರು ಸಾಕಮ್ಮ. ಹದಿನಾರು ವರ್ಷ ನಾನು ಪೀಣ್ಯದ ಸುತ್ತಮುತ್ತ ಹಳೇ ಎಂಜಿನ್ ಆಯಿಲು ಎತ್ತುವ ಕೆಲಸ ಮಾಡಿದೆ. ಗ್ಯಾರೇಜುಗಳಿಂದ ಎತ್ತುತ್ತಿದ್ದೆ, ಲೇತ್ ಶೆಡ್ಡುಗಳಿಂದ ಎತ್ತುತ್ತಿದ್ದೆ, ಭಾನುವಾರ ಮನೆ ಮುಂದೆ ಸ್ವಂತ ಬೈಕು ಬಿಚ್ಚಿಕೊಂಡು ಕೂರುವವರಿಂದಲೂ ಎತ್ತುತ್ತಿದ್ದೆ. ಈಗ ಮಂಡಿ ಹೋಗಿದೆ, ಗಾಡಿ ಬಿಟ್ಟಿದ್ದೇನೆ. ನನ್ನ ಜಾಗಕ್ಕೆ ಹೊಸ ಹೆಣ್ಣುಮಕ್ಕಳು ಬಂದಿದ್ದಾರೆ. ಅವರಿಗೆ ಉಪಯೋಗಕ್ಕೆ ಬರುತ್ತದೆ, ಕೆಲಸ ಹೇಗಿರುತ್ತದೆ ಅಂತ ಬರೆದುಕೊಡು ಎಂದು ಗೋಡೌನಿನವರು ಕೇಳಿದರು. ನಾನು ಓದಿದ್ದು ಮೂರನೇ ಕ್ಲಾಸು. ನಾನು ಬರೆದದ್ದನ್ನು ಅಲ್ಲಿ ಹೊಸದಾಗಿ ಸೇರಿರುವ ರೇಖಾ ಎಂಬ ಹುಡುಗಿ ತಿದ್ದಿದ್ದಾಳೆ. ಕಾಗುಣಿತ ಮಾತ್ರ ತಿದ್ದು, ಮಾತು ತಿದ್ದಬೇಡ ಎಂದು ಹೇಳಿದ್ದೇನೆ.

ನಾನು ಎಷ್ಟು ಪೀಪಾಯಿ ಎತ್ತಿದೆ, ಯಾರು ಹೊಗಳಿದರು ಎಂದು ಬರೆಯುವುದಿಲ್ಲ. ಅದರಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಒಂದು ತಪ್ಪಿನ ಬಗ್ಗೆ ಬರೆಯುತ್ತೇನೆ. ತಪ್ಪು ಮಾಡಿದವಳು ನಾನು. ಅದಕ್ಕೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೀದಿಗೆ ಬೀಳಬೇಕಾಗಿದ್ದವನು ನಮ್ಮ ವಠಾರದ ಮಲ್ಲಪ್ಪ.

ಮೊದಲು ಕೆಲಸದ ವಿಷಯ.

ನಾನು ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿದ್ದವಳು. ಕಣ್ಣು ಮಂದವಾಗಿ ಸೂಜಿ ಕಾಣದಾದ ಮೇಲೆ ಅಲ್ಲಿ ನನ್ನನ್ನು ಇಟ್ಟುಕೊಳ್ಳಲಿಲ್ಲ. ಪೀಣ್ಯದಲ್ಲಿ ತಂಗಿ ಇದ್ದಳು, ಅವಳ ಹತ್ತಿರ ಬಂದೆ. ಅಲ್ಲಿ ರಹಮತ್ ಸಾಬರ ಗೋಡೌನಿತ್ತು. ಹಳೇ ಆಯಿಲನ್ನು ಕೂಡಿಸಿ, ಅದನ್ನು ಮತ್ತೆ ಶುದ್ಧ ಮಾಡುವ ಫ್ಯಾಕ್ಟರಿಗೆ ಟ್ಯಾಂಕರಿನಲ್ಲಿ ಕಳಿಸುತ್ತಿದ್ದರು. ಅದಕ್ಕೆ ಬೇಕಾದ ಲೈಸೆನ್ಸ್ ಇಟ್ಟುಕೊಂಡಿದ್ದರು. ಆ ಲೈಸೆನ್ಸನ್ನು ಚೌಕಟ್ಟು ಹಾಕಿಸಿ, ಮಕ್ಕಾದ ಚಿತ್ರದ ಪಕ್ಕದಲ್ಲೇ ತೂಗುಹಾಕಿದ್ದರು. ಎರಡನ್ನೂ ದಿನಾ ಒಂದೇ ಬಟ್ಟೆಯಲ್ಲಿ ಒರೆಸುತ್ತಿದ್ದರು.

ಕೆಲಸ ಕೇಳಿಕೊಂಡು ಹೋದ ದಿನ ಅವರು ನನ್ನ ಓದು ಕೇಳಲಿಲ್ಲ. ನಾಲ್ಕು ಡಬ್ಬಿ ಮುಂದಿಟ್ಟರು.

"ಮೂಸಿ ನೋಡಮ್ಮಾ. ಏನೇನಿದೆ ಹೇಳು."

ಒಂದರಲ್ಲಿ ಪೆಟ್ರೋಲಿನ ವಾಸನೆ ಇತ್ತು. ಒಂದರಲ್ಲಿ ಏನೋ ಸಿಹಿ ಸಿಹಿ. ಒಂದು ಬರೀ ಸುಟ್ಟ ವಾಸನೆ. ಇನ್ನೊಂದು ಯಾವ ವಾಸನೆಯೂ ಇಲ್ಲ, ಆದರೆ ಬಣ್ಣ ಹಾಲು ಹಾಕಿದ ಕಾಫಿಯಂತಿತ್ತು. ಹಾಗೇ ಹೇಳಿದೆ.

"ಕಣ್ಣು ಹೋದ್ರೆ ಹೋಗ್ಲಿ, ಮೂಗು ಐತಲ್ಲ, ನಾಳೆಯಿಂದ ಬಾ," ಅಂದರು.

ಸುಟ್ಟ ವಾಸನೆಯದೇ ಸರಿಯಾದ ಹಳೇ ಆಯಿಲು. ಪೆಟ್ರೋಲ್ ಸೇರಿದ್ದರೆ ಬೆಂಕಿಯ ಭಯ. ಸಿಹಿ ವಾಸನೆ ಬಂದರೆ ರೇಡಿಯೇಟರಿನ ಕೂಲೆಂಟ್ ಬೆರೆತಿದೆ ಎಂದು ಅರ್ಥ. ಕಾಫಿ ಬಣ್ಣ ಇದ್ದರೆ ನೀರು ಸೇರಿದೆ. ಇವುಗಳಲ್ಲಿ ಯಾವುದು ಬೆರೆತರೂ ಇಡೀ ಪೀಪಾಯಿ ಫ್ಯಾಕ್ಟರಿಯವರಿಗೆ ಬೇಡ. ಒಬ್ಬ ಅರ್ಧ ಲೀಟರ್ ಕೂಲೆಂಟ್ ಸುರಿದರೆ ಐವತ್ತು ಮನೆಯ ಆಯಿಲು ಹಾಳು. ಅನುಮಾನ ಬಂದರೆ ರಹಮತ್ ಸಾಬರು ಕಬ್ಬಿಣದ ಕಾವಲಿಯನ್ನು ಕಾಯಿಸಿ ಒಂದು ಹನಿ ಬಿಡುತ್ತಿದ್ದರು. ಸುಮ್ಮನೆ ಹೊಗೆಯಾಡಿದರೆ ಸರಿ. ಚಟಚಟ ಸಿಡಿದರೆ ನೀರಿದೆ. ಇದನ್ನು ನೀವು ಮನೆಯಲ್ಲಿ ಮಾಡಬೇಡಿ. ಅವರು ಕನ್ನಡಕ ಹಾಕಿಕೊಂಡು, ಆಚೆ ಬಯಲಿನಲ್ಲಿ, ಪೀಪಾಯಿಗಳಿಂದ ದೂರ ಮಾಡುತ್ತಿದ್ದರು.

ಗ್ಯಾರೇಜಿನವರಿಗೆ ಒಂದು ಸಲ ಹೇಳಿದರೆ ಸಾಕಾಗುತ್ತಿತ್ತು. ಮನೆಯಲ್ಲಿ ಸರ್ವಿಸ್ ಮಾಡಿಕೊಳ್ಳುವವರ ಕಥೆ ಬೇರೆ. ಅವರಿಗೆ ಹೊಸ ಆಯಿಲಿನ ಬಗ್ಗೆ ಎಲ್ಲಾ ಗೊತ್ತು. ಯಾವ ಗ್ರೇಡು, ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕು, ಕೇಳಿದರೆ ಅರ್ಧ ಗಂಟೆ ಹೇಳುತ್ತಾರೆ. ಹಳೇದನ್ನು ಏನು ಮಾಡಿದಿರಿ ಎಂದು ಕೇಳಿದರೆ ಆಕಾಶ ನೋಡುತ್ತಾರೆ. ಮೋರಿಗೆ ಸುರಿದಿರುತ್ತಾರೆ. ಇಲ್ಲವೇ ಕುಡಿಯುವ ನೀರಿನ ಬಾಟಲಿಗೆ ತುಂಬಿ ಕಸದ ಬುಟ್ಟಿಗೆ ಹಾಕಿರುತ್ತಾರೆ.

ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿಗೆ ಸಾಬರು ನನ್ನನ್ನು ಒಮ್ಮೆ ಕಳಿಸಿದ್ದರು. ಕಂಪ್ಯೂಟರ್ ಕೆಲಸದ ಒಬ್ಬ ಸಾರ್ ತನ್ನ ದೊಡ್ಡ ಬೈಕಿಗೆ ತಾನೇ ಆಯಿಲು ಬದಲಾಯಿಸಿದ್ದ. ಒಳ್ಳೆಯ ಮನುಷ್ಯ, ಚೆಲ್ಲಿರಲಿಲ್ಲ. ಆದರೆ ಸೂರ್ಯಕಾಂತಿ ಎಣ್ಣೆಯ ಐದು ಲೀಟರಿನ ಕ್ಯಾನಿಗೆ ತುಂಬಿ, ಅಡುಗೆಮನೆಯ ಬಾಲ್ಕನಿಯಲ್ಲಿ ಇಟ್ಟಿದ್ದ. ಅಡುಗೆಯಾಕೆ ಅದನ್ನು ಎರಡು ಸಲ ಕರಿದ ಎಣ್ಣೆ ಎಂದುಕೊಂಡು ಪೂರಿಗೆ ಬಾಣಲೆಗೆ ಸುರಿದಿದ್ದಳು. ವಾಸನೆ ಬಂದು ಒಲೆ ಆರಿಸಿದಳು, ಅದೃಷ್ಟ. ನಾನು ಹೋದಾಗ ಸಾರ್ ಬಾಗಿಲಲ್ಲೇ ನಿಂತಿದ್ದ.

"ಆಂಟಿ, ಕ್ಯಾನ್ ಮೇಲೆ ಬರೆದಿದ್ದೆ, ಯೂಸ್ಡ್ ಆಯಿಲ್ ಅಂತ."

"ಯಾವ ಭಾಷೇಲಿ ಬರೆದಿದ್ರಿ ಸಾರ್?"

"ಇಂಗ್ಲಿಷಲ್ಲಿ."

"ಅಡುಗೆಯೋಳು ಇಂಗ್ಲಿಷ್ ಓದ್ತಾಳಾ?"

ಒಳಗಿನಿಂದ ಅಡುಗೆಯಾಕೆ ಕೂಗಿದಳು: "ಓದೋಕೆ ಬಂದಿದ್ರೆ ನಾನ್ಯಾಕ್ರೀ ಪೂರಿ ಕರೀತಿದ್ದೆ!"

ಅವತ್ತಿನಿಂದ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದೆ. ಹೊಸ ಆಯಿಲು ಯಾವ ಡಬ್ಬಿಯಲ್ಲಿ ಬಂತೋ, ಹಳೇದನ್ನು ಅದೇ ಡಬ್ಬಿಗೆ ವಾಪಸ್ ತುಂಬಿ. ಹೊಸದು ಹಾಕಿದ ಮೇಲೆ ಆ ಡಬ್ಬಿ ಖಾಲಿ ತಾನೇ? ತಿನ್ನುವುದರ ಡಬ್ಬಿ, ಕುಡಿಯುವುದರ ಬಾಟಲಿ ಮುಟ್ಟಬೇಡಿ.

ಇನ್ನು ಮಲ್ಲಪ್ಪನ ವಿಷಯ.

ನಾನಿದ್ದದ್ದು ಒಂದು ವಠಾರ. ಹನ್ನೆರಡು ರೂಮು, ಮಧ್ಯೆ ಅಂಗಳ, ಅಂಗಳದ ಮೂಲೆಯಲ್ಲಿ ನೆಲದೊಳಗಿನ ಸಂಪು. ಹನ್ನೆರಡು ಮನೆಗೂ ಅದೇ ನೀರು. ಮೋಟಾರು ಇರಲಿಲ್ಲ, ಮುಚ್ಚಳ ತೆಗೆದು ಹಗ್ಗದ ಬಕೆಟ್ಟು ಬಿಟ್ಟು ಸೇದಿಕೊಳ್ಳಬೇಕಾಗಿತ್ತು. ಓನರ್ ನಂಜುಂಡಯ್ಯನವರು ಸರ್ಕಾರಿ ಕಾರ್ಖಾನೆಯಲ್ಲಿ ಇದ್ದು ನಿವೃತ್ತರಾದವರು, ಮುಂದಿನ ಮನೆಯಲ್ಲೇ ಇದ್ದರು. ಅವರ ಹತ್ತಿರ ಒಂದು ಹಳೇ ಸ್ಕೂಟರಿತ್ತು. ಅದನ್ನು ಬೇರೆಯವರು ಮುಟ್ಟುವಂತಿರಲಿಲ್ಲ, ಅವರೇ ಬಿಚ್ಚಿ ಅವರೇ ಜೋಡಿಸುತ್ತಿದ್ದರು. ಬೈಗುಳ ಅವರ ಬಾಯಲ್ಲಿ ಬರುತ್ತಿರಲಿಲ್ಲ, ಆದರೆ ಒಂದು ಸಲ ಹೇಳಿದರೆ ಮುಗಿಯಿತು.

ಮಲ್ಲಪ್ಪ ಯಾದಗಿರಿ ಕಡೆಯವನು. ಪೀಣ್ಯದಲ್ಲಿ ಒಂದು ಫ್ಯಾಕ್ಟರಿಯಲ್ಲಿ ಮಿಷಿನ್ ಕೆಲಸ. ಹೆಂಡತಿ ಶಾಂತವ್ವ, ಇಬ್ಬರು ಮಕ್ಕಳು. ರೂಮು ಸಿಗದೆ ಒದ್ದಾಡುತ್ತಿದ್ದಾಗ ನಾನೇ ನಂಜುಂಡಯ್ಯನವರಿಗೆ ಹೇಳಿ ಕೊಡಿಸಿದ್ದೆ. ಅದಕ್ಕೆ ನನ್ನನ್ನು ಅವ್ವಾ ಎನ್ನುತ್ತಿದ್ದ. ಕೈ ಬಹಳ ಚೊಕ್ಕ. ಭಾನುವಾರ ತನ್ನ ಜೊತೆ ಕೆಲಸ ಮಾಡುವವರ ಬೈಕುಗಳನ್ನು ರೂಮಿನ ಮುಂದೆ ಸರ್ವಿಸ್ ಮಾಡುತ್ತಿದ್ದ. ಆಯಿಲನ್ನು ಡಬ್ಬಿಗೆ ತುಂಬಿ ನನಗೆ ಕೊಡುತ್ತಿದ್ದ. ಹೇಗೆ ತುಂಬಬೇಕೆಂದು ಅವನಿಗೆ ಕಲಿಸಿದವಳು ನಾನೇ. ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ ಬಿಚ್ಚು, ಸುಡುವಾಗ ಬೇಡ. ಕೆಳಗೆ ಅಗಲದ ಬೇಸಿನ್ನು ಇಡು. ಬೇಸಿನ್ನಿನ ಕೆಳಗೆ ಹಳೇ ಪೇಪರು ಹಾಸು. ಚೆಲ್ಲಿದರೆ ನೀರು ಹಾಕಿ ತೊಳೆಯಬೇಡ, ಮರದ ಹೊಟ್ಟು ಹಾಕಿ ಹೀರಿದ ಮೇಲೆ ಗುಡಿಸು. ಎಲ್ಲಾ ಹಾಗೇ ಮಾಡುತ್ತಿದ್ದ.

ಪೀಣ್ಯದಲ್ಲಿ ಆಯುಧಪೂಜೆ ಎಂದರೆ ಉಳಿದ ಕಡೆಯ ಹಾಗಲ್ಲ. ಫ್ಯಾಕ್ಟರಿಗೆ ಫ್ಯಾಕ್ಟರಿಯೇ ತೊಳೆಯುತ್ತಾರೆ. ಕೊಳಕು ಆಯಿಲು ಹೊಟ್ಟೆಯಲ್ಲಿಟ್ಟುಕೊಂಡಿರುವ ಗಾಡಿಗೆ ಕುಂಕುಮ ಹಚ್ಚಬಾರದು ಎಂದು ಒಂದು ಮಾತು. ಹಬ್ಬದ ಹಿಂದಿನ ಎರಡು ದಿನ ಎಲ್ಲರೂ ಆಯಿಲು ಬದಲಾಯಿಸುತ್ತಾರೆ. ನಮಗೆ ವರ್ಷದಲ್ಲೇ ಜಾಸ್ತಿ ಕೆಲಸ ಆಗ. ಮೆಟ್ರೋ ಕಂಬಗಳು ಏಳುತ್ತಿದ್ದ ಆ ವರ್ಷ ಫ್ಯಾಕ್ಟರಿಯ ಟ್ಯಾಂಕರು ಸಮಯಕ್ಕೆ ಬರಲಿಲ್ಲ. ಗೋಡೌನಿನ ಪೀಪಾಯಿಗಳೆಲ್ಲ ತುಂಬಿದವು.

"ಹಬ್ಬ ಮುಗಿಯೋ ತನಕ ಒಂದು ಹನೀನೂ ತರಬೇಡ," ಎಂದು ರಹಮತ್ ಸಾಬರು ಹೇಳಿದರು. "ತುಂಬಿರೋದರ ಮೇಲೆ ತುಂಬಿದ್ರೆ ಚೆಲ್ತದೆ. ಎಲ್ರಿಗೂ ಹೇಳು, ಮುಚ್ಚಳ ಹಾಕಿ ನಾಲ್ಕು ದಿನ ಇಟ್ಕೊಳ್ಳಿ ಅಂತ."

ಎಲ್ಲರಿಗೂ ಹಾಗೇ ಹೇಳಿಕೊಂಡು ಬಂದೆ. ಕೆಟ್ಟದ್ದು ನನ್ನ ವಠಾರದಲ್ಲೇ.

ಆಯುಧಪೂಜೆಯ ಹಿಂದಿನ ದಿನ ಮಧ್ಯಾಹ್ನ ಮನೆಗೆ ಬಂದರೆ ಮಲ್ಲಪ್ಪನ ರೂಮಿನ ಮುಂದೆ ಬಕೆಟ್ಟು ತುಂಬಾ ಕಪ್ಪು ಆಯಿಲು. ಹನ್ನೊಂದು ಬೈಕು ಮಾಡಿದ್ದ. ಅವನ ಸ್ನೇಹಿತರು ಹೊಸ ಆಯಿಲನ್ನು ಅಂಗಡಿಯಲ್ಲೇ ಒಂದು ದೊಡ್ಡ ಕ್ಯಾನಿಗೆ ಹಾಕಿಸಿ ತಂದಿದ್ದರು. ಉಳಿದದ್ದು ಅದರಲ್ಲೇ ಇತ್ತು. ಹಾಗಾಗಿ ಖಾಲಿ ಡಬ್ಬಿ ಒಂದೂ ಇರಲಿಲ್ಲ. ಶಾಂತವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

"ಅವ್ವಾ, ನೀವರ ಹೇಳ್ರಿ ಇವಗ. ಮನ್ಯಾಗ ಇರೂದ ಎರಡ ಬಕೀಟ. ನಾಳೆ ಹಬ್ಬ. ನಾ ಹೋಳಿಗೆಗೆ ನೀರು ಎದ್ರಾಗ ಹಿಡೀಲಿ, ಇವನ ತಲ್ಯಾಗ?"

"ಸುಮ್ಮನಿರ ನೀ," ಅಂದ ಮಲ್ಲಪ್ಪ. ನನ್ನ ಕಡೆ ತಿರುಗಿದ. "ಎಲ್ಲಿ ಹಾಕ್ಲಿ ಅವ್ವಾ ಇದನ್ನ? ನಿಮ್ಮ ಗಾಡ್ಯಾಗ ಒಯ್ಯಾಕ ಬರ್ತೈತೇನ್ರಿ?"

"ಗೋಡೌನು ತುಂಬೈತೆ. ತಗೊಳ್ಳಲ್ಲ."

"ಮತ್ತ?"

ಮೇನ್ ರೋಡಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಮುಚ್ಚಳವಿರುವ ಕ್ಯಾನು ತಂದುಕೊಡಬೇಕಾಗಿತ್ತು. ಹತ್ತು ನಿಮಿಷದ ಕೆಲಸ. ಬೆಳಿಗ್ಗೆಯಿಂದ ಗಾಡಿ ತಳ್ಳಿ ನನಗೆ ಕಾಲು ಸೋತಿತ್ತು. ಹೋಗಿ ಮಲಗಿದರೆ ಸಾಕಾಗಿತ್ತು.

"ಹಿಂದ್ಗಡೆ ಒಂದು ಗುಂಡಿ ತೋಡಿ ಸುರ್ದು ಮಣ್ಣು ಮುಚ್ಚು," ಎಂದೆ. "ನೆಲ ಕುಡ್ಕೊಂಡ್ಬಿಡ್ತದೆ. ನಮ್ಮೂರಲ್ಲಿ ಗೆದ್ದಲು ಬರಬಾರ್ದು ಅಂತ ಬೇಲಿ ಗೂಟಕ್ಕೆಲ್ಲ ಇದನ್ನೇ ಹುಯ್ತಿದ್ರು."

ಮಲ್ಲಪ್ಪ ಒಂದು ಸಲ ನನ್ನ ಮುಖ ನೋಡಿದ. ಎರಡು ವರ್ಷದಿಂದ ನೆಲಕ್ಕೆ ಹಾಕಬೇಡ, ನೆಲಕ್ಕೆ ಹಾಕಬೇಡ ಎಂದು ಅವನ ತಲೆ ತಿಂದವಳು ನಾನು.

"ನಡಿತೈತೇನ್ರಿ ಅವ್ವಾ?"

"ಒಂದ್ಸಲಕ್ಕೆ ಏನಾಗ್ತದೆ? ತೋಡು."

ಸಂಪಿನ ಹಿಂದೆ, ಗೋಡೆ ಬದಿಗೆ, ಮೊಣಕಾಲುದ್ದ ತೋಡಿ ಸುರಿದ. ಶಾಂತವ್ವ ಬೂದಿ, ಸೋಪು ಹಾಕಿ ಬಕೆಟ್ಟು ಉಜ್ಜಿದಳು. ಹಬ್ಬ ಚೆನ್ನಾಗಿಯೇ ಆಯಿತು. ನಂಜುಂಡಯ್ಯನವರು ಸ್ಕೂಟರಿಗೆ ಬೂದುಗುಂಬಳ ಒಡೆದರು. ಮಲ್ಲಪ್ಪ ಸ್ಪ್ಯಾನರುಗಳನ್ನೆಲ್ಲ ಮಣೆಯ ಮೇಲೆ ಜೋಡಿಸಿ ಹೂವಿಟ್ಟ. ನನ್ನ ತಳ್ಳುಗಾಡಿಗೆ ನಾನೂ ಒಂದು ನಿಂಬೆಹಣ್ಣು ಕಟ್ಟಿದೆ. ಶಾಂತವ್ವ ನನಗೆ ನಾಲ್ಕು ಹೋಳಿಗೆ ಕೊಟ್ಟಳು, ತಿಂದೆ.

ಹಬ್ಬವಾದ ಮೂರನೇ ದಿನ ಸಂಜೆ ಜೋರು ಮಳೆ ಬಂತು. ಅಂಗಳದಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತು.

ಇಲ್ಲಿ ಒಂದು ವಿಷಯ ತಿಳಿದುಕೊಳ್ಳಿ. ನೆಲ ಆಯಿಲನ್ನು ಕುಡಿಯುವುದಿಲ್ಲ. ಇಟ್ಟುಕೊಂಡಿರುತ್ತದೆ. ಮಳೆ ಬಂದರೆ ಗುಂಡಿಗೆ ನೀರಿಳಿಯುತ್ತದೆ. ನೀರು ಕೆಳಗೆ, ಆಯಿಲು ಮೇಲೆ. ಗುಂಡಿ ತುಂಬಿದಾಗ ಮೊದಲು ಹೊರಗೆ ಹರಿಯುವುದೇ ಆಯಿಲು. ನಮ್ಮ ಗುಂಡಿಯದು ಹರಿದು, ಇಳಿಜಾರು ಹಿಡಿದು, ಸಂಪಿನ ಮುಚ್ಚಳದ ಸಂದಿಯಲ್ಲಿ ಒಳಗೆ ಹೋಯಿತು. ಪೀಪಾಯಿಯಲ್ಲಿ ನೀರು ಕೆಳಗೆ ಆಯಿಲು ಮೇಲೆ ನಿಲ್ಲುವುದನ್ನು ನಾನು ದಿನಾ ನೋಡುತ್ತಿದ್ದವಳು. ನನಗೆ ಹೊಳೆಯಲಿಲ್ಲ ಎಂದರೆ ನಂಬಬೇಡಿ. ನಾನು ಯೋಚನೆ ಮಾಡಲಿಲ್ಲ, ಅಷ್ಟೇ.

ಬೆಳಿಗ್ಗೆ ಮೊದಲು ನೀರು ಸೇದಿದವಳು ಶಾಂತವ್ವ. ಕೊಡದ ನೀರಿನ ಮೇಲೆ ನವಿಲುಗರಿಯ ಬಣ್ಣ. ಬಕೆಟ್ಟಿನ ಅಂಚಿಗೆ ಕಪ್ಪು ಗೆರೆ. ಅವಳ ಹಿಂದೆ ನಿಂತಿದ್ದವರು ಕೂಗಾಡಿದರು. ನಂಜುಂಡಯ್ಯನವರು ಬನಿಯನ್ನಿನಲ್ಲೇ ಬಂದರು, ಬೆರಳು ಅದ್ದಿ ಮೂಸಿದರು.

"ಎಂಜಿನ್ ಆಯಿಲು. ಇಲ್ಲಿ ಗಾಡಿ ಬಿಚ್ಚೋರು ಯಾರು?"

ಯಾರೂ ಹೆಸರು ಹೇಳಲಿಲ್ಲ. ಎಲ್ಲರೂ ಮಲ್ಲಪ್ಪನ ಬಾಗಿಲು ನೋಡಿದರು. ಅವನು ಫ್ಯಾಕ್ಟರಿಗೆ ಹೊರಟು ಚೀಲ ಹೆಗಲಿಗೆ ಹಾಕಿಕೊಂಡಿದ್ದ.

"ನೀನೇನಪ್ಪಾ?"

"ಹೌದ್ರಿ," ಅಂದ. "ಹಿಂದ ಗುಂಡ್ಯಾಗ ಹಾಕಿದ್ದೆ. ತಪ್ಪಾತ್ರಿ."

"ಗುಂಡಿ ತೋಡೋಕೆ ಯಾರು ಹೇಳಿದ್ರು?"

ನಾನು ಅಲ್ಲೇ ಕೊಡ ಹಿಡಿದು ನಿಂತಿದ್ದೆ. ಮಲ್ಲಪ್ಪ ನನ್ನ ಕಡೆ ನೋಡಲೇ ಇಲ್ಲ. "ಯಾರೂ ಇಲ್ರಿ. ನಾನ," ಅಂದ.

"ತಿಂಗಳ ಕೊನೇಗೆ ರೂಮು ಖಾಲಿ ಮಾಡಪ್ಪ. ಹನ್ನೆರಡು ಮನೆ ಕುಡಿಯೋ ನೀರು ಅದು. ನಾನು ಕೂಗಾಡಲ್ಲ, ಆದ್ರೆ ಮಾತು ಬದಲಾಯಿಸೋದೂ ಇಲ್ಲ."

ನಾನು ಆಗ ಬಾಯಿ ಬಿಡಲಿಲ್ಲ. ಯಾಕೆ ಎಂದು ಹೇಳುತ್ತೇನೆ. ಗಾಡಿಯನ್ನು, ಖಾಲಿ ಡಬ್ಬಿಗಳನ್ನು ನಾನು ಆ ಅಂಗಳದಲ್ಲೇ ಇಡುತ್ತಿದ್ದೆ. ನಂಜುಂಡಯ್ಯನವರು ಓಡಿಸಿದರೆ ಗಾಡಿ ಇಡಲು ಜಾಗವಿಲ್ಲ. ಗೋಡೌನಿನ ಕೆಲಸದವಳೇ ನೆಲಕ್ಕೆ ಆಯಿಲು ಹಾಕಿಸಿದಳು ಎಂದು ಗೊತ್ತಾದರೆ ರಹಮತ್ ಸಾಬರ ಲೈಸೆನ್ಸಿಗೇ ಕೆಟ್ಟ ಹೆಸರು, ನನ್ನ ಕೆಲಸ ಹೋಗುತ್ತದೆ. ಮಲ್ಲಪ್ಪ ಗಂಡಸು, ಕೈಯಲ್ಲಿ ಕಸುಬು ಇದೆ, ಬೇರೆ ರೂಮು ಸಿಗುತ್ತದೆ ಎಂದು ಲೆಕ್ಕ ಹಾಕಿದೆ. ಅವನು ರೂಮು ಸಿಗದೆ ಒದ್ದಾಡಿದ್ದನ್ನು ಕಣ್ಣಾರೆ ಕಂಡವಳು ನಾನೇ. ಮಕ್ಕಳ ಸ್ಕೂಲು ವಠಾರದ ಹಿಂದಿನ ಬೀದಿಯಲ್ಲೇ ಇತ್ತು ಎನ್ನುವುದೂ ಗೊತ್ತಿತ್ತು.

ನಾಲ್ಕು ದಿನ ಹಾಗೇ ಇದ್ದೆ. ನಂಜುಂಡಯ್ಯನವರು ಟ್ಯಾಂಕರ್ ತರಿಸಿ ರಸ್ತೆಯಲ್ಲಿ ಪೀಪಾಯಿ ಇಟ್ಟು ನೀರು ಬಿಡಿಸಿದರು. ಕೊಡದ ಸಾಲಿನಲ್ಲಿ ಶಾಂತವ್ವನ ಕೊಡವನ್ನು ಹೆಂಗಸರು ಕಾಲಿನಿಂದ ಹಿಂದಕ್ಕೆ ತಳ್ಳುತ್ತಿದ್ದರು.

"ನೀನು ಕೊನೇಗೆ ನಿಂತ್ಕೋ ತಾಯಿ. ನಿನ್ ಗಂಡ ಕುಡಿಸಿದ್ದು ಇನ್ನೂ ಗಂಟಲಲ್ಲೈತೆ."

"ತಳ್ರಿ, ತಳ್ರಿ. ಕೊಡ ಐತಿ, ತಳ್ಳಿಸ್ಕೊಂತೈತಿ," ಎಂದು ಶಾಂತವ್ವ ಹೇಳಿ ಕೊನೆಗೆ ಹೋಗಿ ನಿಲ್ಲುತ್ತಿದ್ದಳು. ಯಾರು ಗುಂಡಿ ತೋಡಿಸಿದ್ದು ಎಂದು ಅವಳಿಗೆ ಗೊತ್ತಿತ್ತು, ಎದುರಿಗೇ ಇದ್ದಳಲ್ಲ. ಒಂದು ದಿನವೂ ಬಾಯಿ ಬಿಡಲಿಲ್ಲ. ನಾನು ಸಾಲಿನಲ್ಲಿ ಅವಳಿಗಿಂತ ಮುಂದೆ ನಿಂತು ನೀರು ಹಿಡಿದುಕೊಂಡು ಬಂದೆ.

ಐದನೇ ದಿನ ಗೋಡೌನಿನಲ್ಲಿ ರಹಮತ್ ಸಾಬರನ್ನು ಕೇಳಿದೆ, ಸಂಪಿಗೆ ಆಯಿಲು ಬಿದ್ದರೆ ಹೇಗೆ ತೆಗೆಯುವುದು ಎಂದು. ಅವರು ಟ್ಯಾಂಕರಿಗೆ ಪೈಪು ಜೋಡಿಸುತ್ತಿದ್ದರು.

"ಹೆಂಗೆ ಬಿತ್ತು?"

"ಯಾರೋ ಗುಂಡಿ ತೋಡಿ ಹಾಕಿದ್ರು. ಮಳೇಲಿ ಹರೀತು."

"ಯಾರು?"

"ಯಾರೋ ಸಾಬ್ರೇ. ಗೊತ್ತಿಲ್ದೋರು."

ಅವರು ಪೈಪು ಕೆಳಗಿಟ್ಟರು. "ಅರೇ ಸಾಕಮ್ಮಾ. ಗೊತ್ತಿಲ್ದೋನು ಮೋರಿಗೆ ಸುರೀತಾನೆ. ಮೋರಿ ಮುಂದೇನೇ ಇರ್ತದೆ, ಕಷ್ಟ ಯಾಕೆ? ಗುಂಡಿ ತೋಡಿ ಮಣ್ಣು ಮುಚ್ಚೋನು ಗೊತ್ತಿರೋನು. ತಪ್ಪು ಅಂತ ಗೊತ್ತಿರೋದಕ್ಕೇ ಮುಚ್ಚೋದು."

ಅವರು ಕೈ ಒರೆಸಿಕೊಂಡರು. ಕೊನೆಗೆ ನಾನೇ ಹೇಳಿದೆ. "ತೋಡಿಸಿದ್ದು ನಾನೇ. ಹೊಡೆತ ತಿಂತಿರೋನು ಮಲ್ಲಪ್ಪ."

"ಮೊದ್ಲು ಮನೆ ಓನರಿಗೆ ಹೇಳಿ ಬಾ. ಆಮೇಲೆ ನಿನ್ನ ಗಾಡಿ ವಿಷ್ಯ ಮಾತಾಡೋಣ."

ನಂಜುಂಡಯ್ಯನವರ ಮನೆಗೆ ಹೋದಾಗ ಅವರು ಜಗಲಿಯಲ್ಲಿ ಕೂತು ಬಾಗಿಲಿನ ಚೌಕಟ್ಟಿಗೆ ಬ್ರಷ್ಷಿನಲ್ಲಿ ಏನೋ ಬಳಿಯುತ್ತಿದ್ದರು. ಪಕ್ಕದಲ್ಲಿ ನೀರಿನ ಬಾಟಲಿ, ಅದರ ತುಂಬಾ ಕಪ್ಪು. ದೂರದಿಂದಲೇ ಮೂಗಿಗೆ ಬಡಿಯಿತು. ಅವರ ಸ್ಕೂಟರಿನದು.

ನಿಂತುಕೊಂಡೇ ಹೇಳಿದೆ. "ಸ್ವಾಮಿ, ಗುಂಡಿ ತೋಡು ಅಂದಿದ್ದು ನಾನು. ಮಲ್ಲಪ್ಪ ಬೇಡ ಅನ್ನೋ ಅಂಗೇ ನೋಡಿದ. ಒಂದ್ಸಲಕ್ಕೆ ಏನಾಗ್ತದೆ ಅಂತ ನಾನೇ ತೋಡಿಸಿದೆ. ಖಾಲಿ ಮಾಡ್ಸೋದಾದ್ರೆ ನನ್ನ ಖಾಲಿ ಮಾಡ್ಸಿ."

ಅವರು ಬ್ರಷ್ಷು ನಿಲ್ಲಿಸಿದರು.

"ಇಷ್ಟು ದಿನ ಯಾಕಮ್ಮ ಹೇಳಲಿಲ್ಲ?"

"ಕೆಲ್ಸ ಹೋಗ್ತದೆ ಅಂತ."

"ನೋಡಮ್ಮ, ಗೊತ್ತಿಲ್ಲದೋರು ಮಾಡಿದ್ರೆ ಗೊತ್ತಿರೋರು ಹೇಳ್ಕೊಡಬಹುದು. ಗೊತ್ತಿರೋಳು ನೀನೇ ಹಿಂಗೆ ಮಾಡಿದ್ರೆ ನಿಂಗೆ ಯಾರು ಹೇಳ್ಕೊಡೋದು?"

ನನ್ನ ಕಣ್ಣು ಆ ಬಾಟಲಿಯ ಮೇಲೇ ಇತ್ತು. ಹೇಳಬಾರದ ಸಮಯ ಅದು, ಆದರೂ ಬಾಯಿ ತಡೆಯಲಿಲ್ಲ.

"ಅದನ್ನೂ ಕೊಡಿ ಸ್ವಾಮಿ."

"ಇದು ಗೆದ್ದಲಿಗೆ ಕಣಮ್ಮ. ಇಪ್ಪತ್ತು ವರ್ಷದಿಂದ ಬಳೀತಿದೀನಿ. ಗೇಟಿನ ಕಂಬದ ಬುಡಕ್ಕೂ ಹಾಕ್ತೀನಿ."

"ಬುಡಕ್ಕೆ ಹಾಕಿದ್ದು ಮಳೇಲಿ ಇಳ್ದು ಅದೇ ಸಂಪಿನ ಕಡೇಗೆ ಬರ್ತದೆ. ಇಳಿಜಾರು ಅತ್ಲಾಗೇ ಇರೋದು. ಇದ್ರಲ್ಲಿ ಎಂಜಿನ್ ಸವ್ದಿರೋ ಲೋಹದ ಪುಡಿ ಇರ್ತದೆ, ವಿಷ. ಬಾಗ್ಲು ಮುಟ್ಟಿದ ಕೈಲೇ ನಿಮ್ಮ ಮೊಮ್ಮಗು ಬಾಯ್ಗೆ ಬೆರಳು ಇಡ್ತದೆ. ಅದೂ ಅಲ್ದೆ, ಕುಡಿಯೋ ನೀರಿನ ಬಾಟ್ಲಿಗೆ ಹಾಕಿದೀರ."

ಒಳಗಿನಿಂದ ಅವರ ಹೆಂಡತಿ ಕೇಳಿಸಿಕೊಂಡರು. "ನಾನು ಇದೇ ಹೇಳಿದ್ರೆ ನಿಂಗೇನು ಗೊತ್ತು ಅಂತೀರಲ್ಲ! ಕೊಡಿ ಅದನ್ನ ಆಕೆಗೆ."

ನಂಜುಂಡಯ್ಯನವರು ಬಾಟಲಿಯ ಮುಚ್ಚಳ ತಿರುಗಿಸಿ ನನ್ನ ಕೈಗೆ ಕೊಟ್ಟರು. ಆಮೇಲೆ ಎದ್ದು ಮಲ್ಲಪ್ಪನ ರೂಮಿಗೆ ಹೋದರು. ಅಲ್ಲಿ ಏನು ಮಾತಾಡಿದರೋ ಗೊತ್ತಿಲ್ಲ. ಹೊರಗೆ ಬಂದು ಹನ್ನೆರಡು ಮನೆಗೂ ಕೇಳುವಂತೆ ಹೇಳಿದ್ದು ಇಷ್ಟು. ಮಲ್ಲಪ್ಪ ಇರುತ್ತಾನೆ. ಆದರೆ ಹೊರಗಿನವರ ಬೈಕು ಇನ್ನು ಅಂಗಳಕ್ಕೆ ಬರಬಾರದು, ವಠಾರದವರದು ಮಾತ್ರ. ಸಂಪು ಸ್ವಚ್ಛ ಮಾಡುವುದು ಸಾಕಮ್ಮನ ಕೆಲಸ. ಗಾಡಿ ಅಂಗಳದಲ್ಲಿ ಇಡುವುದು ಸಂಪು ಸ್ವಚ್ಛವಾದ ಮೇಲೆ.

ಮಲ್ಲಪ್ಪನಿಗೆ ಭಾನುವಾರದ ಸಂಪಾದನೆ ಹೋಯಿತು. ಅದು ನನ್ನಿಂದಲೇ ಹೋದದ್ದು. ಅವನು ಆಮೇಲೆಯೂ ನನ್ನನ್ನು ಅವ್ವಾ ಅಂದ. ಶಾಂತವ್ವ ಮಾತ್ರ ಒಂದು ವರ್ಷ ನನಗೆ ಹೋಳಿಗೆ ಕೊಡಲಿಲ್ಲ. ಸರಿಯಾಗಿಯೇ ಮಾಡಿದಳು.

ಸಂಪು ತೊಳೆದದ್ದು ಹೇಗೆ ಎಂದು ಬರೆಯಲೇಬೇಕು. ಎಲ್ಲರೂ ಸೋಪಿನ ಪುಡಿ ಹಾಕಿ ಉಜ್ಜು ಎಂದರು. ರಹಮತ್ ಸಾಬರು ಬಂದು ನೋಡಿ ತಡೆದರು. ಮೊದಲೇ ಸೋಪು ಹಾಕಿದರೆ ಆಯಿಲು ನೀರಿನಲ್ಲಿ ಬೆರೆತುಹೋಗುತ್ತದೆ, ಆಮೇಲೆ ತೆಗೆಯಲಾಗುವುದಿಲ್ಲ. ತೇಲುತ್ತಿರುವಾಗಲೇ ಎತ್ತಬೇಕು. ಅರ್ಧ ದಿನ ಮುಚ್ಚಳ ತೆಗೆದು ಗಾಳಿ ಆಡಲು ಬಿಟ್ಟೆವು. ಮೇಲಿನ ಪದರವನ್ನು ಮಗ್ಗಿನಲ್ಲಿ ತೋಡಿ ಪೀಪಾಯಿಗೆ ಹಾಕಿದೆವು. ಉಳಿದದ್ದಕ್ಕೆ ಹಳೇ ಹತ್ತಿ ಸೀರೆ, ದುಪ್ಪಟಿ ಹಾಸಿ ಎಳೆದೆವು. ಬಟ್ಟೆ ಆಯಿಲು ಹೀರುತ್ತದೆ. ಆ ಬಟ್ಟೆಗಳನ್ನು ಗುಡ್ಡೆ ಹಾಕಬಾರದು, ತಾವಾಗಿಯೇ ಕಾವು ಏರಿ ಹೊತ್ತಿಕೊಳ್ಳುವುದುಂಟು. ಮುಚ್ಚಳವಿರುವ ಡ್ರಮ್ಮಿಗೆ ಹಾಕಿ ಗೋಡೌನಿಗೆ ಕಳಿಸಿದೆವು. ಕೊನೆಗೆ ಸಂಪು ಬರಿದು ಮಾಡಿ, ಗೋಡೆಗೆ ಸೋಪು ಹಾಕಿ ಉಜ್ಜಲು ಒಳಗೆ ಇಳಿದದ್ದು, ಮೇಲೆ ಒಬ್ಬರು ಹಗ್ಗ ಹಿಡಿದು ಕಾಯುತ್ತಿರುವಾಗಲೇ. ಇಳಿದವನು ಮಲ್ಲಪ್ಪ. ನಾನು ಇಳಿಯುತ್ತೇನೆ ಎಂದೆ.

"ನೀವು ಇಳದ್ರ ನಿಮ್ಮನ್ನ ಮ್ಯಾಲ ತರಾಕ ಕ್ರೇನ್ ಬೇಕ್ರಿ ಅವ್ವಾ," ಅಂದ.

ಗುಂಡಿಯ ಕಪ್ಪು ಮಣ್ಣನ್ನೂ ಬಿಡಲಿಲ್ಲ. ವಾಸನೆ ಇರುವ ತನಕ ಅಗೆದೆವು. ಮೊಣಕಾಲುದ್ದದ ಗುಂಡಿ ಎದೆಯುದ್ದವಾಯಿತು. ಆ ಮಣ್ಣು ಹದಿನಾಲ್ಕು ಮೂಟೆ. ಅಪಾಯದ ಕಸ ತೆಗೆದುಕೊಳ್ಳುವ ಜಾಗಕ್ಕೆ ರಹಮತ್ ಸಾಬರೇ ಕಳಿಸಿದರು. ಒಂದು ಬಕೆಟ್ಟು ಆಯಿಲಿಗೆ ಹದಿನಾಲ್ಕು ಮೂಟೆ ಮಣ್ಣು. ಹತ್ತು ನಿಮಿಷ ನಡೆದು ಕ್ಯಾನು ತರುವುದಕ್ಕೆ ಸೋಮಾರಿತನ ಬಂದಾಗಲೆಲ್ಲ ನಾನು ಆ ಮೂಟೆಗಳನ್ನು ನೆನೆಸಿಕೊಳ್ಳುತ್ತಿದ್ದೆ.

ನನ್ನ ಗಾಡಿಯನ್ನು ರಹಮತ್ ಸಾಬರು ಆರು ತಿಂಗಳು ಕಿತ್ತುಕೊಂಡರು. ಡ್ರಮ್ಮು ತೊಳೆಯುವ ಕೆಲಸಕ್ಕೆ ಹಾಕಿದರು. ಕೆಲಸದಿಂದ ತೆಗೆಯಲಿಲ್ಲ. ಯಾಕೆ ತೆಗೆಯಲಿಲ್ಲ ಎಂದು ಒಮ್ಮೆ ಕೇಳಿದೆ. "ಹೊಸಬ್ರನ್ನ ಇಟ್ರೆ ಅವ್ರೂ ಒಂದ್ಸಲ ಗುಂಡಿ ತೋಡ್ತಾರೆ. ನೀನು ತೋಡಿ ಆಗಿದೆ," ಅಂದರು.

ಮತ್ತೆ ಗಾಡಿ ಸಿಕ್ಕ ಮೇಲೆ ಕೆಲಸದ ರೀತಿ ಸ್ವಲ್ಪ ಬದಲಾಯಿಸಿಕೊಂಡೆ. ಗಾಡಿಯಲ್ಲಿ ಯಾವಾಗಲೂ ಮುಚ್ಚಳವಿರುವ ನಾಲ್ಕು ಖಾಲಿ ಕ್ಯಾನು, ಒಂದು ಆಲಿಕೆ. ಡಬ್ಬಿ ಇಲ್ಲ ಎನ್ನುವವರಿಗೆ ಕೊಡಲು. ಜನ ಕೆಟ್ಟವರಾಗಿ ಮೋರಿಗೆ ಸುರಿಯುವುದಿಲ್ಲ, ಕೈಯಲ್ಲಿ ಡಬ್ಬಿ ಇಲ್ಲದೆ ಸುರಿಯುತ್ತಾರೆ. ಹಬ್ಬಕ್ಕೆ ಎರಡು ವಾರ ಮುಂಚೆಯೇ ಬೀದಿ ಬೀದಿಯಲ್ಲಿ ಹೇಳಿಕೊಂಡು ಬರುತ್ತಿದ್ದೆ. ನೀವೂ ಹೇಳಿ. ಗೋಡೌನು ತುಂಬಿದ್ದರೆ ತುಂಬಿದೆ ಎನ್ನಿ, ಡಬ್ಬಿಯನ್ನು ಬಿಸಿಲು, ಮಳೆ, ಒಲೆ, ಮಕ್ಕಳಿಂದ ದೂರ ಇಡಿ ಎನ್ನಿ. ಮುಚ್ಚಿದ ಡಬ್ಬಿ ತಿಂಗಳು ಇದ್ದರೂ ಏನೂ ಆಗುವುದಿಲ್ಲ. ಫಿಲ್ಟರನ್ನು ಬೋರಲು ಹಾಕಿ ಒಂದು ದಿನ ಸೋರಲು ಬಿಟ್ಟು, ಬೇರೆ ಕವರಿನಲ್ಲಿ ಕಟ್ಟಿ ಕೊಡಲಿ. ಕಾಂಕ್ರೀಟು ಅಂಟದಂತೆ ಸೆಂಟ್ರಿಂಗ್ ಹಲಗೆಗೆ ಬಳಿಯಲು ಬೇಕು ಎಂದು ಬಿಲ್ಡಿಂಗ್ ಕೆಲಸದವರು ಕೇಳುತ್ತಾರೆ. ಕೊಡಬೇಡಿ, ಅದೂ ಕೊನೆಗೆ ನೆಲಕ್ಕೇ. ದನದ ಗಾಯಕ್ಕೆ ಎಂದು ಕೇಳುವವರೂ ಇದ್ದಾರೆ. ಗಾಯಕ್ಕೆ ಡಾಕ್ಟರ ಹತ್ತಿರ ಹೋಗಿ ಎನ್ನಿ. ಲೈಸೆನ್ಸ್ ಇಲ್ಲದವನು ಜಾಸ್ತಿ ಬೆಲೆ ಕೊಡುತ್ತೇನೆ ಎಂದರೆ ಅವನು ಅದನ್ನು ಸುಡುತ್ತಾನೆ ಎಂದೇ ತಿಳಿಯಿರಿ. ಕೈಯನ್ನು ಪೆಟ್ರೋಲಿನಲ್ಲಿ ತೊಳೆಯಬೇಡಿ. ನನ್ನ ಬೆರಳುಗಳ ಸಂದಿ ಒಡೆದಿರುವುದು ಅದರಿಂದಲೇ. ಸೋಪು, ಮರದ ಹೊಟ್ಟು ಸಾಕು.

ಎಲ್ಲಕ್ಕಿಂತ ಮೊದಲು, ತೆಗೆದುಕೊಳ್ಳುವ ಮುಂಚೆ ಮುಚ್ಚಳ ತೆಗೆದು ಮೂಸಿ. ಕೊಡುವವರು ಎಷ್ಟೇ ಗೊತ್ತಿರುವವರಾಗಲಿ.

ಕಳೆದ ಆಯುಧಪೂಜೆಗೆ ಮಲ್ಲಪ್ಪ ನಮ್ಮ ರೂಮಿನ ಮುಂದೆ ತನ್ನ ಬೈಕಿಗೆ ಆಯಿಲು ಬದಲಾಯಿಸಿದ. ಇನ್ನೂ ಅದೇ ವಠಾರದಲ್ಲಿದ್ದಾನೆ, ಮಕ್ಕಳು ಕಾಲೇಜಿಗೆ ಹೋಗುತ್ತಾರೆ. ಹಳೇದನ್ನು ಡಬ್ಬಿಗೆ ತುಂಬಿ, ಗಾಡಿ ಬಂದರೆ ಕೊಡಿ ಎಂದು ನನ್ನ ಕೈಗೆ ಕೊಟ್ಟು ಕೆಲಸಕ್ಕೆ ಹೋದ. ಗಾಡಿ ತಳ್ಳಿಕೊಂಡು ಬಂದವಳು ರೇಖಾ. ನಾನು ಡಬ್ಬಿ ಕೊಟ್ಟೆ. ಅವಳು ಗಾಡಿಗೆ ಇಡಲಿಲ್ಲ. ಮುಚ್ಚಳ ತೆಗೆದು, ಡಬ್ಬಿಯನ್ನು ಸ್ವಲ್ಪ ಓರೆ ಮಾಡಿ ಬಣ್ಣ ನೋಡಿ, ಮೂಗಿನ ಹತ್ತಿರ ಹಿಡಿದಳು.

"ಲೇ, ನಾನೇ ಕಣೇ ಕೊಡ್ತಿರೋದು," ಎಂದೆ.

"ಗೊತ್ತು ಅಜ್ಜಿ," ಎಂದಳು. ಇನ್ನೊಂದು ಸಲ ಮೂಸಿ, ಆಮೇಲೆ ಮುಚ್ಚಳ ತಿರುಗಿಸಿದಳು.